ನಾಲ್ಕೂ ಗಾಲಿಗೆ ಹಿತ್ತಾಳೆ ಯಾಕ್ರಿ?

ಹೋದ ತಿಂಗಳು ರಾತ್ರಿ ಊಟ ಆದ ಮೇಲೆ ಒಬ್ಬ ಜೂನಿಯರ್ ನನ್ನ ರೂಮಿಗೆ ಬಂದು ಮೊಬೈಲ್ ಮುಂದೆ ಹಿಡಿದ. ಸ್ಕ್ರೀನ್ ಮೇಲೆ ಹಿತ್ತಾಳೆಯ ನಾಲ್ಕು ಬಳೆಗಳು. ಒಂದೊಂದೂ 100 ಗ್ರಾಂ, ಆರ್‌ಸಿ ಕ್ರಾಲರ್ ಗಾಲಿಯೊಳಗೆ ಕೂಡಿಸೋದಕ್ಕೆ. "ಅಣ್ಣಾ, ಆರ್ಡರ್ ಹಾಕ್ಲೇನ್? ಒಂದು ತಿಂಗಳ ಮೆಸ್ ಬಿಲ್ ಹೋಗ್ತದ, ಆದ್ರ ಗಾಡಿ ಹತ್ತತದ ಅಂತ ಎಲ್ಲಾರೂ ಹೇಳ್ತಾರ" ಅಂದ. ಹುಡುಗ ಔರಾದ್ ಕಡೆಯವನು. ಗಾಡಿ ಸೆಕೆಂಡ್ ಹ್ಯಾಂಡ್, ಅದನ್ನು ಕೊಳ್ಳೋದಕ್ಕೇ ಒಂದು ವರ್ಷ ದುಡ್ಡು ಕೂಡಿಸಿದ್ದ. ನಾನು ಬೇಡ ಅಂದೆ. ಯಾಕೆ ಅಂತ ಕೇಳಿದ. ಆವತ್ತು ನಿದ್ದೆಗಣ್ಣಲ್ಲಿ ಸರಿಯಾಗಿ ಹೇಳೋಕೆ ಆಗಲಿಲ್ಲ, ಅದಕ್ಕೇ ಇಲ್ಲಿ ಬರೀತಿದ್ದೀನಿ.

ಕ್ರಾಲರ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಟ್ರಾಕ್ಸಸ್ ಕಂಪನಿಯ ಟಿಆರ್‌ಎಕ್ಸ್-4, ಆಕ್ಸಿಯಲ್‌ನ ಎಸ್‌ಸಿಎಕ್ಸ್10 ತರಹದ, ನಿಜವಾದ ಜೀಪಿನ ಹತ್ತನೇ ಒಂದು ಭಾಗದ ರಿಮೋಟ್ ಗಾಡಿಗಳು ಇವು. ರೇಸ್ ಕಾರ್ ಹಾಗೆ ಓಡೋದಿಲ್ಲ, ತೆವಳುತ್ತವೆ. ನಾಲ್ಕೂ ಗಾಲಿಗೆ ಎಂಜಿನ್ ಬಲ, ಕಲ್ಲಿನ ಮೇಲೆ ಮಗುಚದೆ, ಜಾರದೆ ಹತ್ತಿದರೆ ಗೆದ್ದ ಹಾಗೆ. ಬೀದರ್‌ನಲ್ಲಿ ಇದಕ್ಕೆ ಜಾಗ ಹುಡುಕಬೇಕಿಲ್ಲ. ಊರೇ ಕೆಂಪು ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿಯ ಮೇಲೆ ಕೂತಿದೆ, ಅಂಚಿಗೆ ಹೋದರೆ ತೂತು ತೂತಾದ ಕಲ್ಲಿನ ಮೆಟ್ಟಿಲು ಬೇಕಾದಷ್ಟು.

ಅಂಥ ಒಂದು ಮೆಟ್ಟಿಲ ಮುಂದೆ ಕೆಲವು ಭಾನುವಾರದ ಹಿಂದೆ ನಡೆದದ್ದು ಇದು. ನಾಲ್ಕೂ ಗಾಲಿಗೆ ಹಿತ್ತಾಳೆ ಹಾಕಿದ, ನೋಡಿದರೆ ಆಸೆ ಆಗುವಂಥ ಗಾಡಿ ಮೂರು ಸಲ ಹಿಂದಕ್ಕೆ ಮಗುಚಿಬಿತ್ತು. ಮೇಲೆ ಕ್ಯಾರಿಯರ್, ಅದರ ಮೇಲೆ ಪುಟಾಣಿ ಪೆಟ್ರೋಲ್ ಕ್ಯಾನು, ಸ್ಟೆಪ್ನಿ, ಹಗ್ಗ, ಎಲ್ಲ ಇತ್ತು. ಅದರ ಹಿಂದೆಯೇ ಒಂದು ಬೋಳು ಗಾಡಿ, ಬಾಡಿಗೆ ಟೇಪ್ ಅಂಟಿಸಿದ್ದು, ಬ್ಯಾಟರಿಯನ್ನು ಮುಂದಿನ ಆಕ್ಸಲ್ ಮೇಲೆ ರಬ್ಬರ್ ಬ್ಯಾಂಡಿನಿಂದ ಕಟ್ಟಿದ್ದು, ಸುಮ್ಮನೆ ಹತ್ತಿ ಹೋಯಿತು. ಹಿತ್ತಾಳೆ ಗಾಡಿಯವನು "ಇನ್ನೂ ತೂಕ ಕಮ್ಮಿ ಬಿದ್ದದ" ಅಂದ! ಅಲ್ಲಿಂದಲೇ ನನಗೆ ಈ ವಿಷಯ ತಲೆಯಲ್ಲಿ ಕೂತದ್ದು.

ಎಲ್ಲರೂ ನಂಬಿರುವ ಮಾತು ಒಂದೇ: ತೂಕ ಹೆಚ್ಚಾದರೆ ಹಿಡಿತ ಹೆಚ್ಚು. ಫಸ್ಟ್ ಇಯರ್‌ನ ಮೆಕ್ಯಾನಿಕ್ಸ್ ಪೇಪರ್ ಪಾಸಾದವರೂ ಇದನ್ನೇ ಹೇಳ್ತಾರೆ, ಅದೇ ನನಗೆ ಸಿಟ್ಟು. ಇಳಿಜಾರಿನ ಮೇಲೆ ಇಟ್ಟ ಪೆಟ್ಟಿಗೆಯ ಲೆಕ್ಕ ನೆನಪು ಮಾಡ್ಕೊಳ್ಳಿ. ಪೆಟ್ಟಿಗೆಯನ್ನು ಹಿಡಿದಿಡುವ ಘರ್ಷಣೆ ತೂಕಕ್ಕೆ ತಕ್ಕಂತೆ ಹೆಚ್ಚುತ್ತದೆ, ನಿಜ. ಕೆಳಗೆ ಎಳೆಯುವ ಬಲವೂ ಅಷ್ಟೇ ಪಾಲು ಹೆಚ್ಚುತ್ತದೆ. ಎರಡೂ ಕಡೆಯಿಂದ ದ್ರವ್ಯರಾಶಿ ಕ್ಯಾನ್ಸಲ್. ಉಳಿಯೋದು ಕೋನ ಮತ್ತು ಮ್ಯೂ ಮಾತ್ರ. ಟೈರಿಗೂ ಕಲ್ಲಿಗೂ ನಡುವೆ ಮ್ಯೂ 1 ಇದ್ದರೆ ಗಾಡಿ 45 ಡಿಗ್ರಿಗೆ ಜಾರುತ್ತದೆ, ಅದು ಎರಡು ಕಿಲೋ ಇರಲಿ, ನಾಲ್ಕು ಕಿಲೋ ಇರಲಿ. ರಬ್ಬರ್ ವಿಷಯದಲ್ಲಿ ಈ ಲೆಕ್ಕ ಪೂರ್ತಿ ನೇರ ಅಲ್ಲ ಅನ್ನೋದು ಗೊತ್ತು. ಮೆತ್ತನೆ ಟೈರ್ ಕಲ್ಲಿನ ಮೂಲೆಗೆ ಒತ್ತಿಕೊಂಡು ಸುತ್ತಿಕೊಳ್ಳುತ್ತದೆ, ಅದಕ್ಕೆ ಸ್ವಲ್ಪ ಭಾರ ಬೇಕು. ಆದರೆ ಅದು "ಸ್ವಲ್ಪ".

ಹಾಗಾದರೆ ನಮ್ಮ ರೈತರು ಟ್ರ್ಯಾಕ್ಟರ್ ಗಾಲಿಗೆ ತೂಕ ಯಾಕೆ ಹಾಕ್ತಾರೆ? ಈ ಪ್ರಶ್ನೆ ಕೇಳಿದವನು ಭಾಲ್ಕಿಯ ಕ್ಲಾಸ್‌ಮೇಟ್, ಒಳ್ಳೆ ಪ್ರಶ್ನೆ. ಭಾಲ್ಕಿ ಕಡೆ ಕಬ್ಬು ಸಾಗಿಸುವ ಟ್ರ್ಯಾಕ್ಟರ್ ನೋಡಿದವರಿಗೆ ಗೊತ್ತು, ಹಿಂದಿನ ದೊಡ್ಡ ಗಾಲಿಗೆ ಬೀಡು ಕಬ್ಬಿಣದ ದುಂಡು ತಟ್ಟೆ ಬೋಲ್ಟ್ ಮಾಡಿರ್ತಾರೆ. ಕೆಲವರು ಟ್ಯೂಬಿಗೆ ನೀರು ತುಂಬಿಸ್ತಾರೆ, ವಾಲ್ವ್ ಮೇಲಕ್ಕೆ ತಿರುಗಿಸಿ ಅದರ ಮಟ್ಟಕ್ಕೆ, ಅಂದರೆ ಸುಮಾರು ಮುಕ್ಕಾಲು ಭಾಗ. ಆದರೆ ಟ್ರ್ಯಾಕ್ಟರ್ ಎಳೀತಿರೋದು ಬೇರೊಂದನ್ನ. ನೇಗಿಲೋ ಟ್ರಾಲಿಯೋ, ಅದರ ಎಳೆತ ಟ್ರ್ಯಾಕ್ಟರ್‌ನ ತೂಕಕ್ಕೆ ಸಂಬಂಧಪಟ್ಟದ್ದಲ್ಲ. ಅಲ್ಲಿ ತೂಕ ಹಾಕಿದರೆ ಹಿಡಿತ ಮಾತ್ರ ಹೆಚ್ಚುತ್ತದೆ, ಎಳೆಯಬೇಕಾದ ಹೊರೆ ಹಾಗೇ ಇರುತ್ತದೆ. ಕ್ರಾಲರ್ ತನ್ನನ್ನು ತಾನೇ ಎಳ್ಕೊಂಡು ಹೋಗೋದು. ಹಾಕಿದ ಪ್ರತಿ ಗ್ರಾಮನ್ನೂ ಅದೇ ಹೊತ್ತು ಹತ್ತಬೇಕು. ಹಿಂದಿನ ಗಾಲಿಯ ತಟ್ಟೆಯನ್ನು ನೋಡಿ ನಾವು ತಪ್ಪು ಪಾಠ ಕಲಿತೆವು.

ಟ್ರ್ಯಾಕ್ಟರ್‌ನ ಮುಂದೆ, ಬಂಪರಿನ ಜಾಗದಲ್ಲಿ, ಇನ್ನೊಂದು ತೂಕ ಇರುತ್ತದೆ, ಸಾಲಾಗಿ ಜೋಡಿಸಿದ ಕಬ್ಬಿಣದ ಬಿಲ್ಲೆಗಳು. ಕಲಿಯಬೇಕಾದ್ದು ಅದರಿಂದ. ಹೊರೆ ಟ್ರಾಲಿ ಎಳ್ಕೊಂಡು ಏರು ಹತ್ತುವಾಗ ಮುಂದಿನ ಗಾಲಿ ಹಗುರಾಗಿ ಮೇಲೆದ್ದುಬಿಡ್ತದೆ, ಸ್ಟೀರಿಂಗ್ ತಿರುಗಿಸಿದರೂ ತಿರುಗೋದಿಲ್ಲ. ಕಬ್ಬಿನ ಸೀಸನ್‌ನಲ್ಲಿ ಬಾನೆಟ್ ಮೇಲೆ ಹುಡುಗರನ್ನು ಕೂಡಿಸ್ಕೊಂಡು ಹೋಗೋರನ್ನ ನಾನೇ ನೋಡೀನಿ. ಪ್ರಾಣಕ್ಕೇ ಅಪಾಯದ ಕೆಲಸ, ಆದರೆ ಫಿಸಿಕ್ಸ್ ಸರಿ ಅದ. ಮುಂದಿನ ಗಾಲಿ ಏಳದ ಹಾಗೆ ನೋಡಿಕೊಳ್ಳೋದು. ಕ್ರಾಲರ್‌ಗೆ ಬೇಕಾದ್ದೂ ಅದೇ.

ಈಗ ಲೆಕ್ಕಕ್ಕೆ ಬರೋಣ, ಪೆನ್ನು ಹಿಡೀರಿ. ಒಂದು ಗಾಡಿ 2.5 ಕಿಲೋ ಇದೆ ಅಂತ ಇಟ್ಕೊಳ್ಳಿ. ಮುಂದಿನ ಹಿಂದಿನ ಆಕ್ಸಲ್ ನಡುವೆ 310 ಮಿಲಿಮೀಟರ್. ತೂಕ ಎರಡೂ ಕಡೆ ಸಮ, ಅಂದರೆ ಗುರುತ್ವ ಕೇಂದ್ರ ಹಿಂದಿನ ಆಕ್ಸಲ್‌ನಿಂದ 155 ಮಿಲಿಮೀಟರ್ ಮುಂದೆ, ನೆಲದಿಂದ 90 ಮಿಲಿಮೀಟರ್ ಮೇಲೆ. ಹಿಂದಕ್ಕೆ ಮಗುಚುವ ಕೋನದ ಟ್ಯಾನ್ ಬೆಲೆ 155 ಭಾಗಿಸು 90. ಸುಮಾರು 60 ಡಿಗ್ರಿ.

ನಾಲ್ಕೂ ಗಾಲಿಗೆ 100 ಗ್ರಾಂ ಬಳೆ ಹಾಕಿ. ಗಾಲಿಯ ನಡು ನೆಲದಿಂದ 55 ಮಿಲಿಮೀಟರ್ ಎತ್ತರ ಅಂತ ಹಿಡಿದರೆ ಗುರುತ್ವ ಕೇಂದ್ರ 85ಕ್ಕೆ ಇಳಿಯುತ್ತದೆ, ಮುಂದೆ ಮಾತ್ರ ಒಂದು ಮಿಲಿಮೀಟರೂ ಹೋಗೋದಿಲ್ಲ. ಕೋನ 61ರ ಆಸುಪಾಸು. 400 ಗ್ರಾಂ ಹಿತ್ತಾಳೆಗೆ ಸಿಕ್ಕಿದ್ದು ಒಂದು ಚಿಲ್ಲರೆ ಡಿಗ್ರಿ. ಅದೇ ಬಳೆ ಮುಂದಿನ ಎರಡು ಗಾಲಿಗೆ ಮಾತ್ರ ಹಾಕಿದರೆ, ಅಂದರೆ 200 ಗ್ರಾಂ, ಕೋನ 62 ದಾಟುತ್ತದೆ. ಅರ್ಧ ತೂಕ, ಅರ್ಧ ದುಡ್ಡು, ಸುಮಾರು ಎರಡರಷ್ಟು ಲಾಭ. ಹಿಂದಿನ ಎರಡು ಬಳೆಗಳು ಮುಂದಿನ ಎರಡರ ಕೆಲಸವನ್ನೇ ತಿಂದುಹಾಕುತ್ತವೆ.

ಆದರೆ ಅದಕ್ಕಿಂತ ಮಜಾ ಮುಂದಿದೆ. ಹಿತ್ತಾಳೆ ಒಂದೂ ಹಾಕಬೇಡಿ. 200 ಗ್ರಾಂ ಬ್ಯಾಟರಿಯನ್ನು 150 ಮಿಲಿಮೀಟರ್ ಮುಂದಕ್ಕೆ, 30 ಮಿಲಿಮೀಟರ್ ಕೆಳಕ್ಕೆ ಸರಿಸಿ. ಲೆಕ್ಕ ಮಾಡಿದರೆ ಕೋನ ಮತ್ತೆ 62ರ ಮೇಲೆ, ಮುಂದಿನ ಗಾಲಿಗೆ 200 ಗ್ರಾಂ ಹಾಕಿದಷ್ಟೇ. ಖರ್ಚು ಎರಡು ರಬ್ಬರ್ ಬ್ಯಾಂಡ್. ಇನ್ನು ಕ್ಯಾರಿಯರ್ ಮೇಲಿನ ಆ ಪೆಟ್ರೋಲ್ ಕ್ಯಾನು, ಸ್ಟೆಪ್ನಿ ಶೃಂಗಾರ ಎಲ್ಲ ಸೇರಿ 100 ಗ್ರಾಂ, 200 ಮಿಲಿಮೀಟರ್ ಎತ್ತರದಲ್ಲಿ ಇದೆ ಅನ್ನಿ. ಅದನ್ನು ಕಿತ್ತು ಶೆಲ್ಫ್ ಮೇಲೆ ಇಟ್ಟರೆ ಕೋನ 61. ಅಂದರೆ ನಾಲ್ಕೂ ಗಾಲಿಗೆ 400 ಗ್ರಾಂ ಹಿತ್ತಾಳೆ ಹಾಕಿದ್ದಕ್ಕೂ ತಲೆ ಮೇಲಿನ 100 ಗ್ರಾಂ ಇಳಿಸಿದ್ದಕ್ಕೂ ಹೆಚ್ಚುಕಮ್ಮಿ ವ್ಯತ್ಯಾಸವೇ ಇಲ್ಲ. ಬ್ಯಾಟರಿ, ಕ್ಯಾರಿಯರ್ ಎರಡೂ ಮಾಡಿದರೆ 64ರ ಹತ್ತಿರ. ಒಂದು ರೂಪಾಯಿ ಖರ್ಚಿಲ್ಲ. ನಾನು ಈ ಲೆಕ್ಕ ಮೊದಲ ಸಲ ಮಾಡಿದಾಗ ಎರಡು ಸಲ ತಾಳೆ ನೋಡಿದೆ, ಯಾಕಂದ್ರ ನನ್ನ ಗಾಡಿಯಲ್ಲೂ ಆಗ ನಾಲ್ಕು ಬಳೆ ಇದ್ದವು.

"ಮಗುಚೋದಕ್ಕಿಂತ ಮೊದಲೇ ಜಾರ್ತದಲ್ಲ, 60 ಡಿಗ್ರಿ ಯಾರು ಹತ್ತಿಸ್ತಾರ?" ಅಂತ ನೀವು ಕೇಳಬಹುದು. ಸರಿ. ಆದರೆ ಮೆಟ್ಟಿಲು ಅನ್ನೋದು ನೇರ ಇಳಿಜಾರಲ್ಲ. ಮುಂದಿನ ಗಾಲಿ ಕಲ್ಲಿನ ಮೇಲೆ ಹತ್ತುವ ಆ ಒಂದು ಕ್ಷಣ ಗಾಡಿ ಎಷ್ಟು ಎದ್ದು ನಿಲ್ಲುತ್ತದೆ ಅಂತ ನೋಡಿದವರಿಗೇ ಗೊತ್ತು. ಅಷ್ಟೇ ಅಲ್ಲ, ಮಗುಚೋದಕ್ಕಿಂತ ಬಹಳ ಮೊದಲೇ ಮುಂದಿನ ಗಾಲಿಯ ಮೇಲಿನ ಭಾರ ಖಾಲಿ ಆಗ್ತಾ ಬರ್ತದೆ. ಮೇಲಿನ ಅದೇ ಗಾಡಿಯನ್ನು 45 ಡಿಗ್ರಿಯಲ್ಲಿ ನಿಲ್ಲಿಸಿದರೆ ಕಲ್ಲಿನ ಮೇಲೆ ಬೀಳುವ ಒಟ್ಟು ಒತ್ತಡದಲ್ಲಿ ಮುಂದಿನ ಎರಡು ಗಾಲಿಗಳ ಪಾಲು ಬರೀ 21 ಶೇಕಡಾ. ಸಪಾಟು ನೆಲದಲ್ಲಿ 50 ಇದ್ದದ್ದು. ಮುಂದೆ 200 ಗ್ರಾಂ ಹಾಕಿದರೆ ಅದು 25ರ ಮೇಲೆ ಹೋಗುತ್ತದೆ. ಸ್ಟೀರಿಂಗ್ ಕೆಲಸ ಮಾಡೋದು ಆ ಪಾಲಿನಿಂದಲೇ.

ನಾನು ಗಾಲಿ ತೂಕದ ವೈರಿ ಅಲ್ಲ. ತೂಕ ಹಾಕಲೇಬೇಕು ಅಂದರೆ ಗಾಲಿಯೇ ಒಳ್ಳೆ ಜಾಗ, ಅದಕ್ಕೆ ಕಾರಣವೂ ಇದೆ. ಚಾಸಿ ಮೇಲೆ ಹಾಕಿದ ತೂಕ ಸ್ಪ್ರಿಂಗ್ ಮೇಲೆ ಕೂತಿರುತ್ತದೆ, ಅಡ್ಡ ಇಳಿಜಾರಿನಲ್ಲಿ ಬಾಡಿಯ ಜೊತೆ ಅದೂ ವಾಲುತ್ತದೆ. ಗಾಲಿಯೊಳಗಿನ ತೂಕ ಸ್ಪ್ರಿಂಗ್ ಕೆಳಗೆ, ಅದು ವಾಲೋದಿಲ್ಲ. ಬೈಕಿನ ಹುಡುಗರು "ಗಾಲಿ ಭಾರ ಆದ್ರ ಪಿಕಪ್ ಹೋಗ್ತದ" ಅಂತಾರೆ, ತಿರುಗುವ ತೂಕಕ್ಕೆ ಜಡತ್ವ ಹೆಚ್ಚು ಅನ್ನೋದು ನಿಜ, ಆದರೆ ತೆವಳುವ ವೇಗದಲ್ಲಿ ಅದು ಲೆಕ್ಕಕ್ಕೇ ಬರೋದಿಲ್ಲ. ಲೆಕ್ಕಕ್ಕೆ ಬರೋದು ಬೇರೆ. ಭಾರವಾದ ಮುಂದಿನ ಗಾಲಿಯನ್ನು ಕಲ್ಲಿನ ಸಂದಿಯಲ್ಲಿ ತಿರುಗಿಸೋದಕ್ಕೆ ಸರ್ವೋ ಒದ್ದಾಡುತ್ತದೆ. ಪ್ಲಾಸ್ಟಿಕ್ ಹಲ್ಲಿನ ಸರ್ವೋ ಆದರೆ ಮೊದಲು ಕಿರ್ ಕಿರ್, ಆಮೇಲೆ ಮೌನ. ನನ್ನದು ಹಾಗೇ ಹೋಯಿತು. ಮುಂದೆ ತೂಕ ಹೆಚ್ಚಾದರೆ ಇಳಿಯುವಾಗ ಮೂಗು ಮುಗ್ಗರಿಸುವ ಕೋನವೂ ಒಂದು ಡಿಗ್ರಿಯಷ್ಟು ಕಮ್ಮಿ ಆಗ್ತದೆ. ಬಿಟ್ಟಿ ಯಾವುದೂ ಇಲ್ಲ. 24ನೇ ಒಂದು ಭಾಗದ ಚಿಕ್ಕ ಕ್ರಾಲರ್‌ಗಳ ಮಾತು ಬೇರೆ. ಇಡೀ ಗಾಡಿಯೇ ಕೆಲವು ನೂರು ಗ್ರಾಂ, ಅಲ್ಲಿ ಗಾಲಿಗೆ 20 ಗ್ರಾಂ ಹಿತ್ತಾಳೆ ಹಾಕಿದರೆ ಗಾಡಿಯ ಸ್ವಭಾವವೇ ಬದಲಾಗ್ತದೆ, ಅದನ್ನು ಒಪ್ಪಿಕೊಳ್ತೀನಿ.

ಅಡ್ಡ ಇಳಿಜಾರಿಗೆ ನಾಲ್ಕೂ ಗಾಲಿಯ ತೂಕ ಒಳ್ಳೇದಲ್ಲವಾ ಅಂದರೆ, ಒಳ್ಳೇದೇ. ಅಲ್ಲಿ ಮುಂದೆ ಹಿಂದೆ ಪ್ರಶ್ನೆ ಇಲ್ಲ, ಎತ್ತರ ಕಮ್ಮಿ ಆದರೆ ಸಾಕು. ಆದರೆ ಕ್ಯಾರಿಯರ್ ಇಳಿಸಿದರೂ ಎತ್ತರ ಅಷ್ಟೇ ಕಮ್ಮಿ ಆಗ್ತದೆ ಅಂತ ಮೇಲೆಯೇ ಹೇಳಿದೆ.

ಇನ್ನು ನೆಲದ ಮಾತು. ಯೂಟ್ಯೂಬ್‌ನವರು ತೂಕದ ಸಲಹೆ ಕೊಡೋದು ಅವರ ಊರಿನ ಕಲ್ಲಿಗೆ. ನಮ್ಮ ಜಿಲ್ಲೆಯಲ್ಲೇ ಮೂರು ಕಡೆ ಮೂರು ಥರ ನೆಲ. ಬೀದರ್ ಸುತ್ತಿನ ಜಂಬಿಟ್ಟಿಗೆ ಒರಟು, ತೂತಿನೊಳಗೆ ಟೈರಿನ ಹಲ್ಲು ಸಿಕ್ಕಿಹಾಕಿಕೊಳ್ತದೆ. ಅಲ್ಲಿ ಜಾರೋದು ಕಮ್ಮಿ, ಮಗುಚೋದೇ ಜಾಸ್ತಿ, ಹಾಗಾಗಿ ತೂಕ ಎಲ್ಲಿದೆ ಅನ್ನೋದು ನಿಜವಾಗಿಯೂ ಕೆಲಸಕ್ಕೆ ಬರ್ತದೆ. ಪ್ರಸ್ಥಭೂಮಿ ಇಳಿದು ಭಾಲ್ಕಿ ಕಡೆ ಹೋದರೆ ಹಳ್ಳದಲ್ಲಿ ನೀರು ಉಜ್ಜಿ ನುಣುಪಾದ ಕರಿಕಲ್ಲು. ಒದ್ದೆ ಇದ್ದರಂತೂ ಮಗುಚುವ ಮಾತೇ ಬರೋದಿಲ್ಲ, ಮೊದಲೇ ಜಾರಿ ಕೆಳಗಿರ್ತದೆ. ಅಲ್ಲಿ ಎಷ್ಟು ಹಿತ್ತಾಳೆ ಹಾಕಿದರೂ ವ್ಯರ್ಥ, ದುಡ್ಡಿದ್ದರೆ ಮೆತ್ತನೆ ರಬ್ಬರಿನ ಟೈರ್ ತಗೊಳ್ಳಿ. ಔರಾದ್‌ನ ಎರೆ ಮಣ್ಣಿನಲ್ಲಿ ಮಳೆಗಾಲದಲ್ಲಿ ಓಡಿಸಿದ್ದೀರಾ? ಹತ್ತು ಅಡಿ ಹೋಗೋದರೊಳಗೆ ಒಂದೊಂದು ಗಾಲಿಗೂ ಹಿಡಿ ಹಿಡಿ ಮಣ್ಣು ಮೆತ್ತಿಕೊಂಡು ನಾಲ್ಕೂ ಲಡ್ಡು ಆಗಿರ್ತವೆ. ಅಲ್ಲಿ ಗಾಲಿ ತೂಕ ನೆಲವೇ ಹಾಕಿಕೊಡ್ತದ, ಬಿಟ್ಟಿ. ಹಗುರ ಗಾಡಿ ಮಾತ್ರ ಅಲ್ಲಿಂದ ವಾಪಸ್ ಬರ್ತದೆ. ತೊಗರಿ, ಸೋಯಾ ಬಿತ್ತುವ ರೈತರಿಗೂ ಇದು ಗೊತ್ತು. ಹಸಿ ಎರೆ ಹೊಲಕ್ಕೆ ಭಾರದ ಟ್ರ್ಯಾಕ್ಟರ್ ಇಳಿಸಿದರೆ ಮಣ್ಣು ಗಟ್ಟಿ ಕಟ್ಟುತ್ತದೆ ಅಂತ ಹದ ನೋಡಿಯೇ ಇಳಿಸೋದು.

ಕಲ್ಲಿನ ಮಾತು ಬಂತು ಅಂತ ಒಂದು ವಿಷಯ ಹೇಳಿಬಿಡ್ತೀನಿ, ಇದು ತೂಕಕ್ಕೆ ಸಂಬಂಧ ಇಲ್ಲದಿದ್ದರೂ. ಕೋಟೆಯ ಕಂದಕ, ಅಷ್ಟೂರಿನ ಗುಂಬಜ್‌ಗಳ ಕಟ್ಟೆ, ಇವೆಲ್ಲ ಕ್ರಾಲರ್ ಓಡಿಸೋಕೆ ಹೇಳಿ ಮಾಡಿಸಿದ ಹಾಗೆ ಕಾಣ್ತವೆ, ಗೊತ್ತು. ರೀಲ್ಸ್‌ಗೂ ಚೆಂದ. ಬೇಡ. ಅವು ಸಂರಕ್ಷಿತ ಸ್ಮಾರಕಗಳು, ಹಳೆ ಜಂಬಿಟ್ಟಿಗೆಯ ಮೇಲ್ಪದರ ಉದುರುತ್ತದೆ, ಮೂರು ಕಿಲೋ ಗಾಡಿಯ ನಾಲ್ಕು ಗಾಲಿ ಒಂದೇ ಜಾಗದಲ್ಲಿ ತಿರುಗಿದರೆ ಕೆಂಪು ಪುಡಿ ಬೀಳೋದು ಕಣ್ಣಿಗೇ ಕಾಣ್ತದೆ. ಊರ ಹೊರಗೆ ಕಲ್ಲಿಗೆ ಬರ ಬಂದಿಲ್ಲ.

ಈಗ ಸೀಸದ ವಿಷಯ, ಇದು ತಮಾಷೆ ಅಲ್ಲ. ಹಿತ್ತಾಳೆ ದುಬಾರಿ ಅಂತ ಕೆಲವರು ಹಳೆ ಬ್ಯಾಟರಿಯ ಸೀಸ ಕರಗಿಸಿ ಎರಕ ಹೊಯ್ಯೋಣ ಅಂತ ಮಾತಾಡೋದು ಕೇಳಿದೆ. ಸೀಸ ಘನ ಸೆಂಟಿಮೀಟರ್‌ಗೆ 11.3 ಗ್ರಾಂ, ಹಿತ್ತಾಳೆ 8.5ರ ಹತ್ತಿರ, ಉಕ್ಕು 7.8. ಸೀಸ 327 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಅಂದರೆ ಅಡುಗೆ ಒಲೆಯ ಮೇಲೂ ಆಗುವ ಕೆಲಸ. ಅದಕ್ಕೇ ಆಸೆ ಆಗೋದು, ಅದಕ್ಕೇ ಅಪಾಯ. ಅದರ ಹೊಗೆ, ಬೂದಿ ಒಳಗೆ ಹೋದರೆ ನರಗಳಿಗೆ ಪೆಟ್ಟು, ಮಕ್ಕಳಿಗೆ ಇನ್ನೂ ಕೆಟ್ಟದ್ದು. ಬ್ಯಾಟರಿಯಲ್ಲಿ ಆಸಿಡ್ ಬೇರೆ. ಹಾಸ್ಟೆಲ್ ಹಿಂದೆಯಾಗಲಿ, ಮನೆ ಅಂಗಳದಲ್ಲಾಗಲಿ ಇದನ್ನು ಮಾಡಬೇಡಿ. ಟೈರ್ ಅಂಗಡಿಯಲ್ಲಿ ಬ್ಯಾಲೆನ್ಸಿಂಗ್‌ಗೆ ಅಂಟಿಸುವ 5 ಗ್ರಾಂ, 10 ಗ್ರಾಂ ಪಟ್ಟಿಗಳು ಸಿಗ್ತವೆ, ನಮ್ಮ ಕೆಲಸಕ್ಕೆ ಅವು ಸಾಕು. ಕೊಳ್ಳುವಾಗ ಒಂದು ಅಯಸ್ಕಾಂತ ಒಯ್ಯಿರಿ, ಅಂಟಿಕೊಂಡರೆ ಉಕ್ಕು, ಅಂಟಿಕೊಳ್ಳದಿದ್ದರೆ ಸೀಸವೋ ಸತುವೋ, ಬಿಟ್ಟುಬಿಡಿ. ಯುರೋಪಿನಲ್ಲಿ ಕಾರಿನ ಗಾಲಿಗೆ ಸೀಸದ ತೂಕ ಹಾಕೋದನ್ನು 2005ರಲ್ಲೇ ನಿಲ್ಲಿಸಿದ್ದಾರೆ. ಬಿದ್ರಿಯವರ ಹತ್ತಿರ ಎರಕ ಹೊಯ್ಸಿದ್ರೆ ಹೆಂಗ ಅಂತ ಒಬ್ಬ ಕೇಳಿದ. ಬಿದ್ರಿ ಲೋಹ ಬಹುಪಾಲು ಸತು, ಸ್ವಲ್ಪ ತಾಮ್ರ, ಸಾಂದ್ರತೆ ಉಕ್ಕಿಗಿಂತಲೂ ಕಮ್ಮಿ. ಬೆಳ್ಳಿ ಕೂಡಿಸುವ ಕೈಗೆ ಗಾಲಿ ಬಳೆಯ ಕೆಲಸ ಹೇಳೋದು ನನಗಂತೂ ನಾಚಿಕೆ.

ನನ್ನ ತಕರಾರು ಹಿತ್ತಾಳೆಯ ಮೇಲಲ್ಲ, ತೂಗದೆ ತೂಕ ಹಾಕುವ ಅಭ್ಯಾಸದ ಮೇಲೆ. ನಾವು ಎಂಜಿನಿಯರಿಂಗ್ ಓದೋರು. ಮೂರು ಸಾವಿರದ ಪಾರ್ಟ್ ಆರ್ಡರ್ ಹಾಕ್ತೀವಿ, ಅಡುಗೆಮನೆಯ ತಕ್ಕಡಿ ಮೇಲೆ ಗಾಡಿ ಇಟ್ಟು ನೋಡಿರೋದಿಲ್ಲ. ಒಂದು ಗಾಲಿ ತಕ್ಕಡಿ ಮೇಲೆ, ಉಳಿದ ಮೂರು ಗಾಲಿ ಅಷ್ಟೇ ಎತ್ತರದ ಪುಸ್ತಕಗಳ ಮೇಲೆ. ನಾಲ್ಕು ಸಲ ತೂಗಿದರೆ ಮುಂದೆ ಎಷ್ಟು, ಹಿಂದೆ ಎಷ್ಟು ಗೊತ್ತಾಗ್ತದೆ. ಆಮೇಲೆ ಒಂದು ಹಲಗೆ, ಜಾರದ ಹಾಗೆ ಹಿಂದಿನ ಗಾಲಿಗೆ ಒಂದು ಸಣ್ಣ ಪಟ್ಟಿ ಅಡ್ಡ, ಮೊಬೈಲ್‌ನ ಕೋನ ಅಳೆಯುವ ಆ್ಯಪ್. ನಿಧಾನವಾಗಿ ಎತ್ತಿ, ಮುಂದಿನ ಗಾಲಿ ಏಳುವ ಕೋನ ಬರೆದುಕೊಳ್ಳಿ. ಗುರುತ್ವ ಕೇಂದ್ರದ ಎತ್ತರ ಅದರಿಂದಲೇ ಸಿಗ್ತದೆ. ಹತ್ತು ನಿಮಿಷದ ಕೆಲಸ. ಇದನ್ನು ಮಾಡಿದವನು ಎಷ್ಟು ಹಿತ್ತಾಳೆ ಕೊಂಡರೂ ನಾನು ಒಂದು ಮಾತು ಆಡೋದಿಲ್ಲ.

ಇದರಲ್ಲಿ ಇನ್ನೊಂದು ಸಂಕಟ ಇದೆ. ಭಾನುವಾರದ ಗುಂಪಿನಲ್ಲಿ ಈಗ ಯಾರ ಗಾಡಿಯಲ್ಲಿ ಯಾವ ಪಾರ್ಟ್ ಇದೆ ಅನ್ನೋದೇ ಮಾತು. ಹೊಸಬರು ಬಂದು ಎರಡು ವಾರ ದೂರ ನಿಂತು ನೋಡಿ, ಇದು ದುಡ್ಡಿದ್ದವರ ಆಟ ಅಂತ ಹೋಗಿಬಿಡ್ತಾರೆ. ಹಾಗೆ ಹೋದ ಒಬ್ಬನ ಗಾಡಿಯ ಚಾಸಿ ಪೂರ್ತಿ ಅವನೇ ಪ್ಲೈವುಡ್‌ನಲ್ಲಿ ಮಾಡಿದ್ದು. ನಮ್ಮಲ್ಲಿ ಅವನಿಗಿಂತ ದೊಡ್ಡ ಎಂಜಿನಿಯರ್ ಯಾರೂ ಇರಲಿಲ್ಲ, ಅವನನ್ನು ಉಳಿಸಿಕೊಳ್ಳೋಕೆ ನಮಗೆ ಬರಲಿಲ್ಲ. ಅದಕ್ಕೇ ನನ್ನ ಬೇಡಿಕೆ ಇಷ್ಟು: ಓಡಿಸುವ ಜಾಗದಲ್ಲಿ ಒಂದು ತಕ್ಕಡಿ, ಒಂದು ಹಲಗೆ ಇರಲಿ. ಎಲ್ಲರ ಗಾಡಿಯ ತೂಕ, ಕೋನ ಒಂದು ನೋಟ್‌ಬುಕ್‌ನಲ್ಲಿ ಬರೆದಿಡೋಣ. ಹೆಚ್ಚುವರಿ ತೂಕ ಹಾಕದ ಗಾಡಿಗಳಿಗೆ ಬೇರೆ ಸುತ್ತು ಇಡೋಣ. ತಕ್ಕಡಿ ನಾನು ತರ್ತೀನಿ, ಹಲಗೆ ವರ್ಕ್‌ಶಾಪಿನ ಮೂಲೆಯಲ್ಲಿ ಬಿದ್ದಿದೆ.

ಔರಾದ್ ಹುಡುಗ ಆರ್ಡರ್ ಹಾಕಲಿಲ್ಲ. ಬ್ಯಾಟರಿ ಮುಂದೆ ಕಟ್ಟಿದ, ಟೈರ್ ಅಂಗಡಿಯಿಂದ ಉಕ್ಕಿನ ಪಟ್ಟಿ ತಂದು ಮುಂದಿನ ಗಾಲಿಗೆ 40 ಗ್ರಾಂ ಅಂಟಿಸಿದ. ಹೋದ ಭಾನುವಾರ ಅದೇ ಮೆಟ್ಟಿಲು ಎರಡನೇ ಸಲಕ್ಕೆ ಹತ್ತಿಸಿದ, ಆಮೇಲೆ ಇಳಿಸುವಾಗ ಮೂಗಿನ ಮೇಲೆ ಬೀಳಿಸಿದ. ನನ್ನ ಹಿಂದಿನ ಗಾಲಿಯ ಎರಡು ಬಳೆ ಭಾಲ್ಕಿಯವನು ಅರ್ಧ ಬೆಲೆಗೆ ತಗೊಂಡ. ಮುಂದಿನ ಗಾಲಿಗೇ ಹಾಕು ಅಂತ ಹೇಳಿ ಕೊಟ್ಟೀನಿ, ಹಾಕ್ಯಾನೋ ಇಲ್ಲೋ ಈ ವಾರ ತಕ್ಕಡಿ ಮೇಲೆ ನೋಡಬೇಕು.